ಮನೆವೈದ್ಯರ ಮಾತು: ಕೂಸಿನ ಭೇದಿ

ಕೂಸಿಗೆ ಭೇದಿ ಹತ್ತಿದೊಡನೆ ಹಾಲು ನೀರುಗಳನ್ನು ನಿಲ್ಲಿಸುವ ವಾಡಿಕೆಯು ಕೆಲವು ಮನೆಗಳಲ್ಲಿ ಇನ್ನೂ ಉಂಟು. ಇದಕ್ಕಿಂತ ಅಪಾಯಕರವಾದ ಪಥ್ಯವಿಲ್ಲ. ಪ್ರಾಣಕ್ಕೆ ಮುಳುವಾಗುವುದು ಮೈಯ ನೀರೂ ಲವಣವೂ ಹರಿದುಹೋಗುವುದೇ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ್ ದಿಲೀಪ ಮಹಲನಬೀಸರು ಉಪ್ಪು, ಗ್ಲೂಕೋಸು, ಅಡಿಗೆ ಸೋಡ ಬೆರೆಸಿದ ನೀರನ್ನು ಕುಡಿಸಿಯೇ ಬಹುಮಂದಿಯನ್ನು ಉಳಿಸಿದರು. ಆ ಬಗೆಯ ಓ.ಆರ್.ಎಸ್. ಪೊಟ್ಟಣವನ್ನು ಈಗ ನಿಮ್ಮ ಮನೆವೈದ್ಯರೇ ಕೊಡುವರು. ಅಂಗಡಿಯ ಪಾನಕಗಳು ಅದಕ್ಕೆ ಬದಲಾಗವು. 1 ಲೀಟರಿನ ಪೊಟ್ಟಣವನ್ನು ಕಾಯಿಸಿ ಆರಿಸಿದ ಅಷ್ಟೇ ನೀರಿನಲ್ಲಿ ಕರಗಿಸಿ, ಚಮಚದಿಂದ ಮೆಲ್ಲಮೆಲ್ಲನೆ ಕುಡಿಸತಕ್ಕದ್ದು, ಮೊಲೆಹಾಲನ್ನು ಬಿಡಿಸಕೂಡದು. ವೈದ್ಯರು ಕೊಟ್ಟ ಝಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿವಸ ಪೂರೈಸಿರಿ. ಕೂಸಿನ ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ರಾತ್ರಿಯೆಂದು ತಡೆಯದೆ ಆಸ್ಪತ್ರೆಗೆ ಹೊರಡಿರಿ.