ಮದ್ದಿನ ಪರೀಕ್ಷೆಯೂ ದಫ್ತರದ ಸತ್ಯವೂ

ಮಂಗನ ಕಾಯಿಲೆಯನ್ನು ತಡೆಯಲೆಂದು ಕಾಡಂಚಿನ ಜನರಿಗೆ ಬಹುಕಾಲ ಕೊಡುತ್ತ ಬಂದಿದ್ದ ಲಸಿಕೆಯನ್ನು ರಾಜ್ಯ ಸರಕಾರವು 2022ರಲ್ಲಿ ನಿಲ್ಲಿಸಿತು. ಅದರ ಶಕ್ತಿ ಸಾಲದೆಂಬುದು ಕಾರಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆಯೊಡಗೂಡಿ ಹೊಸ ಲಸಿಕೆಯೊಂದನ್ನು ಸಿದ್ಧಪಡಿಸುವ ಕಾರ್ಯವನ್ನು ಕೈಕೊಂಡಿದೆ. ಮದ್ದು ಎಲ್ಲಿಯೇ ಹುಟ್ಟಲಿ, ಅದರ ಗುಣ ಗೊತ್ತಾಗಬೇಕಾದರೆ ಕೊನೆಗೆ ಅದು ಕಾಯಿಲೆಯಿರುವ ಊರಿಗೇ ಬರಬೇಕು. ಸಿದ್ದಾಪುರ, ಹೊನ್ನಾವರಗಳ ಕಾಡುಗಳಲ್ಲಿ ಈ ಕಾಯಿಲೆಯ ಉಪಟಳವನ್ನು ಕಂಡ ಜಿಲ್ಲೆ ನಮ್ಮದು. ಕಾರವಾರ ಅದರ ಮುಖ್ಯ ಪಟ್ಟಣ. ಅಂಕೋಲೆಯ ಕಾಲೇಜೊಂದರಲ್ಲಿ ಹಳಗನ್ನಡದ ಪಾಠ ಹೇಳಿಕೊಂಡಿರುವವರಿಗೆ ಲಸಿಕೆಯ ಮಾತೇಕೆ ಎಂದು ವಾಚಕರು ಕೇಳಬಹುದು. ನಾನು ಎತ್ತಿಕೊಂಡಿರುವುದು ಮದ್ದಿನ ಪ್ರಶ್ನೆಯನ್ನಲ್ಲ, ಬರಹದ ಪ್ರಶ್ನೆಯನ್ನು. ಮದ್ದು ಫಲಿಸಿತೆಂದು ಬರೆದಿಟ್ಟ ಕಾಗದವನ್ನು ನಾವು ಯಾವ ಆಧಾರದ ಮೇಲೆ ನಂಬಬೇಕು?

ಹಳೆಯ ಲಸಿಕೆಯ ಕಥೆಯನ್ನೇ ನೋಡೋಣ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಈ ಕಾಯಿಲೆ ಲೋಕಕ್ಕೆ ತಿಳಿಯಿತು. ಉಣುಗಿನ ಕಡಿತದಿಂದ ಇದು ಮನುಷ್ಯನಿಗೆ ಅಂಟುತ್ತದೆ. ಮುಂದೆ ಲಸಿಕೆಯಾಯಿತು, ರಾಜ್ಯದ ಮೂರು ಜಿಲ್ಲೆಗಳಲ್ಲಿ ಅದನ್ನು ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದ ಲೇಖನವು, ಒಂದು ಸಲ ಚುಚ್ಚಿಸಿಕೊಂಡವರಿಗೆ ನೂರಕ್ಕೆ 79.3ರಷ್ಟು, ಎರಡು ಸಲ ಚುಚ್ಚಿಸಿಕೊಂಡವರಿಗೆ 93.5ರಷ್ಟು ರಕ್ಷಣೆಯುಂಟೆಂದು ಸಾರಿತು. ಇದಕ್ಕಿಂತ ಸಮಾಧಾನದ ಮಾತು ಬೇರೆ ಯಾವುದಿದ್ದೀತು? ಆದರೆ 2005ರಿಂದ 2010ರವರೆಗಿನ ಲೆಕ್ಕವನ್ನು ಬೇರೆ ಸಂಶೋಧಕರು ತೆಗೆದು 2013ರಲ್ಲಿ ಪ್ರಕಟಿಸಿದಾಗ ಚಿತ್ರವೇ ಬದಲಾಯಿತು. ಎರಡು ಸಲದ ರಕ್ಷಣೆ 62.4ಕ್ಕೆ ಇಳಿದಿತ್ತು. ಮೇಲೆ ಮತ್ತೊಂದು ಬಲವರ್ಧಕ ಚುಚ್ಚಿಸಿಕೊಂಡವರಲ್ಲಿ ಅದು 82.9. ಒಂದೇ ಸಲ ಚುಚ್ಚಿಸಿಕೊಂಡವರಿಗೂ ಏನೂ ಚುಚ್ಚಿಸಿಕೊಳ್ಳದವರಿಗೂ ಹೇಳಿಕೊಳ್ಳುವಂಥ ಭೇದವೇ ಕಾಣಲಿಲ್ಲ!

ಒಂದೇ ಲಸಿಕೆ, ಒಂದು ಕಡೆ 79, ಇನ್ನೊಂದು ಕಡೆ ಸೊನ್ನೆ. ಲಸಿಕೆಯ ಸತ್ತ್ವವೇ ನಡುವೆ ಕುಂದಿರಬಹುದು. ಹೋಲಿಕೆಯ ಕ್ರಮದಲ್ಲಿಯೇ ತೊಡಕಿರಬಹುದು. ಏಕೆಂದರೆ ಎರಡು ಕಡೆಯೂ ಹೋಲಿಸಿದ್ದು ಚುಚ್ಚಿಸಿಕೊಂಡವರನ್ನು ಚುಚ್ಚಿಸಿಕೊಳ್ಳದವರೊಡನೆ. ತಾನಾಗಿ ಬಂದು ತೋಳು ಚಾಚುವವನು ಕಾಡಿಗೆ ಹೋಗುವಾಗಲೂ ಮೈಗೆ ಎಣ್ಣೆ ಹಚ್ಚಿಕೊಂಡು, ಬಂದೊಡನೆ ಬಿಸಿನೀರು ಮೀಯುವ ಎಚ್ಚರದವನಾಗಿರಬಹುದು. ಅವನನ್ನು ಕಾಪಾಡಿದ್ದು ಲಸಿಕೆಯೋ, ಬಿಸಿನೀರೋ? ಈ ಸಂದೇಹವನ್ನು ಕಳೆಯಲೆಂದೇ ಚೀಟಿ ಎತ್ತಿ ಜನರನ್ನು ಎರಡು ಪಾಲು ಮಾಡುವ ಪದ್ಧತಿ ಬಂದದ್ದು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ಬ್ರಿಟನ್ನಿನಲ್ಲಿ ಮಾಡಿದ, 1948ರಲ್ಲಿ ಪ್ರಕಟವಾದ ಪರೀಕ್ಷೆ ಅದರ ಮೇಲ್ಪಂಕ್ತಿ. ಒಂದು ಪಾಲಿಗೆ ಮದ್ದು, ಇನ್ನೊಂದಕ್ಕೆ ಹುಸಿಮದ್ದು. ಯಾರಿಗೆ ಯಾವುದು ಹೋಯಿತೆಂಬುದು ಕೊಡುವ ವೈದ್ಯನಿಗೂ ತಿಳಿಯದಂತೆ ನಡೆಸಿದರೆ ಇನ್ನೂ ಒಳ್ಳೆಯದು.

ಆದರೆ 2013ರ ಆ ಲೇಖನದಲ್ಲಿ ನನ್ನ ಕಣ್ಣನ್ನು ಹಿಡಿದು ನಿಲ್ಲಿಸಿದ್ದು ಈ ಅಂಕಿಗಳಲ್ಲ, ಕಂಸದೊಳಗಿನ ಒಂದು ಚಿಕ್ಕ ಮಾತು. ಆ ವರ್ಷಗಳಲ್ಲಿ ಲಸಿಕೆಗೆ ಅರ್ಹರಾಗಿದ್ದವರು 3,43,256 ಮಂದಿ ಎಂದು ಹೇಳಿ, 2008ರ ಲಸಿಕೆಯ ವಿವರಗಳು ದೊರೆಯಲಿಲ್ಲವೆಂದು ಅಲ್ಲಿ ಸೇರಿಸಿದ್ದಾರೆ. ಒಂದು ಇಡೀ ವರ್ಷ! ಸಂಶೋಧಕರು ಅದನ್ನು ಮುಚ್ಚಿಡದೆ ಬರೆದರು. ಅದು ಅವರ ಪ್ರಾಮಾಣಿಕತೆ. ಆದರೆ ಆ ವರ್ಷ ಬಿಸಿಲಲ್ಲಿ ಸಾಲುಗಟ್ಟಿ ನಿಂತು ಚುಚ್ಚಿಸಿಕೊಂಡವರ ನೋವು ಯಾವ ಲೆಕ್ಕಕ್ಕೂ ಬಾರದೆ ಹೋಯಿತು.

ಹಳೆಯ ಕಾವ್ಯಗಳ ಓಲೆಪ್ರತಿಗಳನ್ನು ಸಂಪಾದಿಸುವವರಿಗೆ ಒಂದು ಕಟ್ಟುನಿಟ್ಟಿನ ನಿಯಮವುಂಟು. ತನಗೆ ತಪ್ಪೆಂದು ತೋರಿದ ಪಾಠವನ್ನು ಕೆರೆದು ಹಾಕುವಂತಿಲ್ಲ; ಅದನ್ನು ಅಡಿಟಿಪ್ಪಣಿಯಲ್ಲಿ ಉಳಿಸಿ, ಯಾವ ಪ್ರತಿಯಲ್ಲಿ ಏನಿದೆಯೆಂದು ತೋರಿಸಬೇಕು. ಜಾಣ ಲಿಪಿಕಾರನೇ ಎಲ್ಲರಿಗಿಂತ ಅಪಾಯಕಾರಿ. ದಡ್ಡನು ಕಂಡದ್ದನ್ನು ಕಂಡಂತೆ ಬರೆಯುತ್ತಾನೆ. ಜಾಣನು ಅರ್ಥವಾಗದ್ದನ್ನು ಅರ್ಥವಾಗುವಂತೆ ತಿದ್ದಿಬಿಡುತ್ತಾನೆ. ವೈದ್ಯಕೀಯ ಸಂಶೋಧನೆಯ ನಿಯಮಗಳನ್ನು ಓದಿದಾಗ ಅವೂ ಇದೇ ಮಾತನ್ನಾಡುವುದನ್ನು ಕಂಡು ನನಗೆ ವಿಸ್ಮಯವಾಯಿತು. ಬರೆದವರು ಯಾರು, ಬರೆದದ್ದು ಯಾವಾಗ ಎಂಬುದು ಪ್ರತಿ ದಾಖಲೆಯಲ್ಲಿಯೂ ತಿಳಿಯಬೇಕು. ತಿದ್ದುವುದಾದರೆ ಒಂದೇ ಗೆರೆ ಎಳೆದು, ಹಳೆಯದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಸಹಿಯನ್ನೂ ತಾರೀಖನ್ನೂ ಹಾಕಬೇಕು. ಈಗ ಕಂಪ್ಯೂಟರು ಈ ಕಾವಲನ್ನು ತಾನೇ ಮಾಡುತ್ತದೆ, ನಿಜ. ಆದರೆ ಸಿಗ್ನಲ್ ಸಿಕ್ಕದ ಕಾಡಿನ ಕೊಪ್ಪದಲ್ಲಿ ಚೀಟಿಯ ಮೇಲೆ ಗೀಚಿಕೊಂಡು, ರಾತ್ರಿ ಮನೆಗೆ ಬಂದು ನೆನಪಿನಿಂದ ತುಂಬಿಸಿದರೆ, ಯಂತ್ರ ಕಾಯುವುದು ಆ ನೆನಪನ್ನು ಮಾತ್ರ.

ನಮ್ಮ ಕಡೆಯ ತೊಡಕುಗಳೂ ಸಣ್ಣವಲ್ಲ. ಅಂಕೋಲೆಯ ಸುತ್ತಿನ ಒಂದೇ ಹಳ್ಳಿಯಲ್ಲಿ ತಿಮ್ಮಪ್ಪ ನಾಯಕರು ನಾಲ್ವರಿರಬಹುದು. ತಂದೆಯ ಹೆಸರೂ ಕೂಡಿಬರಬಹುದು. ಮೊದಲ ಚುಚ್ಚುಮದ್ದು ಒಬ್ಬ ತಿಮ್ಮಪ್ಪನಿಗೂ ಎರಡನೆಯದು ಇನ್ನೊಬ್ಬನಿಗೂ ಬಿದ್ದು, ಪುಸ್ತಕದಲ್ಲಿ ಇಬ್ಬರೂ ಒಬ್ಬರೇ ಆದರೆ? ವಯಸ್ಸಿನ ಗೊಂದಲ ಬೇರೆ. ಹಿಂದಿನ ತಲೆಮಾರಿನ ಹಿರಿಯರು ಉಪ್ಪಿನ ಸತ್ಯಾಗ್ರಹದ ಮರುವರುಷ ಹುಟ್ಟಿದೆ ಎಂದು ಹೇಳುತ್ತಿದ್ದರು. 1930ನ್ನು ಬಲ್ಲವನಿಗೆ ಅದು ಕರಾರುವಾಕ್ಕಾದ ಉತ್ತರ. ಬಲ್ಲದ ಗುಮಾಸ್ತ ಮುಖ ನೋಡಿ ಅರವತ್ತು ಎಂದು ಬರೆಯುತ್ತಾನೆ. ಸಂಖ್ಯಾಶಾಸ್ತ್ರಜ್ಞರು ಇಂಥ ಕೈಚಳಕವನ್ನು ಸುಲಭವಾಗಿ ಹಿಡಿಯುತ್ತಾರೆ. ಪಟ್ಟಿಯಲ್ಲಿ ಐದಕ್ಕೋ ಸೊನ್ನೆಗೋ ಮುಗಿಯುವ ವಯಸ್ಸುಗಳು ಗುಂಪುಗೂಡಿದ್ದರೆ ಅದು ಅಂದಾಜಿನ ಪಟ್ಟಿ. ರಕ್ತದೊತ್ತಡದ ಅಂಕಿಗಳೆಲ್ಲ ಸೊನ್ನೆಯಲ್ಲಿ ಮುಗಿದಿದ್ದರೆ ಅಳೆದವರು ಸರಿಯಾಗಿ ನೋಡಲಿಲ್ಲ ಅಥವಾ ಅಳೆಯಲೇ ಇಲ್ಲ. ತೀರ ಅಚ್ಚುಕಟ್ಟಾದ ದಫ್ತರವನ್ನು ಕಂಡರೆ ಪರೀಕ್ಷಕನು ಹಿಗ್ಗಬಾರದು.

ಅಸಡ್ಡೆಯದು ಒಂದು ಬಗೆ, ವಂಚನೆಯದು ಇನ್ನೊಂದು. ದೂರದ ಉದಾಹರಣೆ ಬೇಡ. ಬೆಂಗಳೂರಿನ ಸೆಮ್ಲರ್ ರಿಸರ್ಚ್ ಸೆಂಟರಿನಲ್ಲಿ ಪರೀಕ್ಷೆಗೊಳಪಟ್ಟವರ ಮಾದರಿಗಳನ್ನೇ ಬದಲಿಸಿ ತಿರುಚಲಾಗಿದೆಯೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2016ರ ಏಪ್ರಿಲಿನಲ್ಲಿ ಸಾರಿ, ಅಲ್ಲಿ ನಡೆದ ಅಧ್ಯಯನಗಳನ್ನು ಒಪ್ಪಲಾರೆವೆಂದಿತು. ವಿಶ್ವ ಆರೋಗ್ಯ ಸಂಸ್ಥೆಯೂ ಆಗಲೇ ಎಚ್ಚರಿಕೆ ಕೊಟ್ಟಿತು; ಯುರೋಪಿನ ಔಷಧ ಸಂಸ್ಥೆಯು ಅದೇ ಜುಲೈಯಲ್ಲಿ ಆ ಅಧ್ಯಯನಗಳನ್ನು ನೆಚ್ಚಿದ ಮದ್ದುಗಳನ್ನು ತಡೆಹಿಡಿಯಲು ಸೂಚಿಸಿತು. ಹಿಡಿದದ್ದು ಪರದೇಶದ ಪರೀಕ್ಷಕರು ಎಂಬುದನ್ನು ನೆನೆದರೆ ನನಗೆ ಇಂದಿಗೂ ಸಂಕೋಚವಾಗುತ್ತದೆ.

ನಿಯಮಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಪರೀಕ್ಷೆಯನ್ನು ಆರಂಭಿಸುವ ಮೊದಲೇ ಸಾರ್ವಜನಿಕ ನೋಂದಣಿಯಲ್ಲಿ ದಾಖಲಿಸಬೇಕೆಂಬುದು 2009ರ ಜೂನ್ 15ರಿಂದ ಕಡ್ಡಾಯ. ಇದರಿಂದ ಸೋತ ಪರೀಕ್ಷೆಯನ್ನು ಸದ್ದಿಲ್ಲದೆ ಹೂಳುವುದು ಕಷ್ಟವಾಗುತ್ತದೆ. 2019ರ ನಿಯಮಗಳ ಪ್ರಕಾರ ನೀತಿ ಸಮಿತಿಯಲ್ಲಿ ಏಳು ಮಂದಿಯಾದರೂ ಇರಬೇಕು, ಅರ್ಧದಷ್ಟು ಜನ ಹೊರಗಿನವರಾಗಿರಬೇಕು, ವೈದ್ಯನಲ್ಲದ ಒಬ್ಬ ಸಾಮಾನ್ಯ ನಾಗರಿಕನೂ ಬೇಕು. ಈ ನಾಗರಿಕನ ಸ್ಥಾನ ಅಲಂಕಾರಕ್ಕಲ್ಲ. ಒಪ್ಪಿಗೆಪತ್ರವನ್ನು ಕೈಗೆತ್ತಿಕೊಂಡು, ಇದು ನಮ್ಮ ಊರಿನ ಹೆಂಗಸಿಗೆ ತಿಳಿಯುತ್ತದೆಯೇ ಎಂದು ಕೇಳುವವನು ಅವನೇ. ಕಾರವಾರದ ಮನೆಮಾತು ಬಹುಮಟ್ಟಿಗೆ ಕೊಂಕಣಿ. ಅಂಕೋಲೆಯ ಹಾಲಕ್ಕಿಗಳ ಕನ್ನಡಕ್ಕೆ ಬೇರೆಯದೇ ಬನಿಯಿದೆ. ಯಾದೃಚ್ಛಿಕ ಹಂಚಿಕೆ ಎಂದು ಅಚ್ಚುಹಾಕಿ ಹೆಬ್ಬೆಟ್ಟು ಒತ್ತಿಸಿದರೆ ಅದು ಒಪ್ಪಿಗೆಯೇ? ಚೀಟಿ ಎತ್ತುವುದು ಎಂದರೆ ಮಗುವಿಗೂ ತಿಳಿಯುತ್ತದೆ. ಭಾಷೆಯ ಈ ಮಾತು ಬರಿಯ ಸೌಜನ್ಯದ್ದಲ್ಲ. ಏಕೆ ಬಂದಿದ್ದಾರೆಂದು ತಿಳಿಯದವಳು ಜ್ವರ ಬಂದದ್ದನ್ನು ಹೇಳಳು, ನಡುವೆ ಕುಡಿದ ಬೇರಿನ ಕಷಾಯವನ್ನು ಹೇಳಳು. ಅಲ್ಲಿಗೆ ಅಂಕಿ ಕೆಟ್ಟಿತು.

ಇನ್ನೊಂದು ತೊಡಕು ನಮ್ಮ ಭೂಗೋಲದ್ದು. ಪರೀಕ್ಷೆಗೊಳಪಟ್ಟವರಿಗೆ ಗಂಭೀರವಾದ ಬಾಧೆಯಾದರೆ 24 ಗಂಟೆಯೊಳಗೆ ವರದಿಯಾಗಬೇಕು. ಆದರೆ ಕಾರವಾರದವನಿಗೆ ಕಾಯಿಲೆ ಬಲವಾದರೆ ಮಾಜಾಳಿ ದಾಟಿ ಗೋವೆಯ ಬಾಂಬೋಳಿಗೆ ಹೋಗುತ್ತಾನೆ. ಅಂಕೋಲೆಯವನು ಹುಬ್ಬಳ್ಳಿಗೆ, ಇಲ್ಲವೆ ಮಣಿಪಾಲಕ್ಕೆ. ಒಳ್ಳೆಯ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ ಕೂಗಿಕೊಳ್ಳುತ್ತಿರುವುದು ಇದಕ್ಕಾಗಿಯೇ. ರೋಗಿ ಎಲ್ಲಿಗೆ ಹೋದನೋ ಅವನ ಕಾಗದವೂ ಅಲ್ಲಿಯೇ ಉಳಿಯಿತು.

ಕೈಗಾದ ವಿವಾದವೂ ಇಲ್ಲಿಯೇ ಸಿಕ್ಕಿಕೊಂಡಿದೆಯೆಂದು ನನ್ನ ಎಣಿಕೆ. 2000ದಿಂದ ಅಲ್ಲಿ ಅಣುವಿದ್ಯುತ್ತು ಹುಟ್ಟುತ್ತಿದೆ. ಸುತ್ತಲ ಹಳ್ಳಿಗಳಲ್ಲಿ ಕ್ಯಾನ್ಸರ್ ಹೆಚ್ಚಿತೆಂದು ಒಬ್ಬರು, ಇಲ್ಲವೆಂದು ಇನ್ನೊಬ್ಬರು. ಹೆಚ್ಚಿತೆನ್ನಲು ಮೊದಲು ಎಷ್ಟಿತ್ತೆಂಬುದು ಬೇಕು. ಇಲ್ಲವೆನ್ನಲೂ ಅದೇ ಬೇಕು. ಬೆಂಗಳೂರಿನಲ್ಲಿ 1982ರಿಂದ ಜನಸಮುದಾಯದ ಕ್ಯಾನ್ಸರ್ ನೋಂದಣಿ ನಡೆದುಬಂದಿದೆ. ಆಸ್ಪತ್ರೆ ಆಸ್ಪತ್ರೆಗೆ ಹೋಗಿ ಹೆಸರು ಕೂಡಿಸಿ, ಒಬ್ಬನನ್ನೇ ಎರಡು ಸಲ ಎಣಿಸದಂತೆ ನೋಡಿಕೊಳ್ಳುವುದು ಅದರ ಕ್ರಮ. ಕಾರವಾರದಲ್ಲಿ ಈಗ ಸರಕಾರಿ ವೈದ್ಯಕೀಯ ಕಾಲೇಜಿದೆ. ಅದರ ವಿದ್ಯಾರ್ಥಿಗಳು ಬಾಂಬೋಳಿ, ಹುಬ್ಬಳ್ಳಿ, ಮಣಿಪಾಲಗಳ ದಫ್ತರಗಳಿಂದ ನಮ್ಮ ಎರಡು ತಾಲೂಕುಗಳ ರೋಗಿಗಳ ಹೆಸರುಗಳನ್ನು ವರ್ಷವರ್ಷವೂ ಕೂಡಿಸಿಕೊಂಡು ಬರಲಿ. ಗೋವೆಯ ಸರಕಾರದೊಡನೆ ಒಂದು ಒಡಂಬಡಿಕೆ ಬೇಕಾದೀತು. ರೋಗಿಗಳ ಗುಟ್ಟು ಹೊರಬೀಳದ ಏರ್ಪಾಡೂ ಬೇಕಾದೀತು. ಹೊಸ ಲಸಿಕೆಯ ಚೀಟಿ ಎತ್ತುವ ದಿನ ಬರುವ ಮೊದಲೇ ಈ ಕೆಲಸಕ್ಕೆ ಕೈಹಾಕಬಹುದು.