ಒಂದೇ ಬಟನ್ ಒತ್ತಿ ಗೆದ್ದರೆ ಅದು ಗೆಲುವಲ್ಲವೇ?

ಈದ್ ರಜೆಯಲ್ಲಿ ಮಾಮನ ಮನೆಯಲ್ಲಿ 'ಸ್ಟ್ರೀಟ್ ಫೈಟರ್ 6' ಆಡುತ್ತಿದ್ದೆವು. ಎಂಟನೇ ಕ್ಲಾಸಿನ ಮಾಮನ ಮಗ ನನ್ನನ್ನು ಸತತ ಮೂರು ಸಲ ಸೋಲಿಸಿದ. ಅವನು ಬಳಸಿದ್ದು 'ಮಾಡರ್ನ್' ಕಂಟ್ರೋಲ್. "ಇದೂ ಒಂದು ಆಟವೇನೋ? ಒಂದು ಬಟನ್ ಒತ್ತಿದರೆ ಎಲ್ಲ ಆಗುತ್ತೆ" ಎಂದುಬಿಟ್ಟೆ. ಅವನು ಮಾತಾಡದೆ ಕಂಟ್ರೋಲರ್ ಇಟ್ಟು ಎದ್ದು ಹೋದ.

ಆಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಈ ಸರಣಿಯಲ್ಲಿ 'ಹಡೋಕೆನ್' ಎಸೆಯಬೇಕಾದರೆ ಸ್ಟಿಕ್ಕನ್ನು ಕೆಳಗೆ, ಓರೆಗೆ, ಮುಂದಕ್ಕೆ ಹೊರಳಿಸಿ ಪಂಚ್ ಒತ್ತಬೇಕು. 2023ರಲ್ಲಿ ಬಂದ ಆರನೆಯ ಆಟದಲ್ಲಿ ಮಾಡರ್ನ್ ಆರಿಸಿಕೊಂಡರೆ ಒಂದೇ ಬಟನ್ ಸಾಕು. ಆದರೆ ಪುಕ್ಕಟೆಯಲ್ಲ. ಹಾಗೆ ಹೊಡೆದ ವಿಶೇಷ ಏಟಿಗೆ ಬಲ ಶೇ. 20ರಷ್ಟು ಕಡಿಮೆ, ಕೆಲವು ಸಾಮಾನ್ಯ ಏಟುಗಳು ಸಿಗುವುದೇ ಇಲ್ಲ.

ನನ್ನ ಸಿಟ್ಟಿಗೆ ಕಾರಣ ಬೇರೆಯೇ ಇತ್ತು. ಆ ಹೊರಳಿಸುವಿಕೆ ಕಲಿಯಲು ನನಗೆ ತಿಂಗಳುಗಳೇ ಹಿಡಿದಿದ್ದವು, ಹೆಬ್ಬೆರಳು ಬೊಬ್ಬೆ ಬಂದಿತ್ತು. ಆದರೆ ಬೆರಳಿನ ಕಷ್ಟವೇ ಆಟದ ಆಳವೇ?

2004ರ 'ಇವೊ' ಪಂದ್ಯಾವಳಿಯ ವಿಡಿಯೊ ಬಹಳ ಮಂದಿ ನೋಡಿರಬಹುದು. ಜಪಾನಿನ ಡೈಗೊ ಉಮೆಹಾರಾ ಎದುರು ಅಮೆರಿಕದ ಜಸ್ಟಿನ್ ವಾಂಗ್. ಡೈಗೊನ ಜೀವ ಕೂದಲೆಳೆಯಷ್ಟು ಉಳಿದಿತ್ತು, ಒದೆತವನ್ನು ಸುಮ್ಮನೆ ತಡೆದರೂ ಸೋಲು. ಎದುರಾಳಿಯ 15 ಒದೆತಗಳನ್ನೂ ಆತ 'ಪ್ಯಾರಿ' ಮಾಡಿ, ತಿರುಗಿ ಹೊಡೆದು ಗೆದ್ದ. ಪ್ಯಾರಿ ಎಂದರೆ ಏನು? ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಸ್ಟಿಕ್ಕನ್ನು ಎದುರಾಳಿಯತ್ತ ಒಮ್ಮೆ ತಳ್ಳುವುದು, ಅಷ್ಟೇ! ಅದಕ್ಕಿಂತ ಸುಲಭದ ಕಮಾಂಡ್ ಆ ಆಟದಲ್ಲಿಲ್ಲ. ಆದರೆ ಯಾವಾಗ ತಳ್ಳಬೇಕು ಎಂಬುದರಲ್ಲಿ ಇಡೀ ವಿದ್ಯೆ ಅಡಗಿದೆ. ಎದುರಿಗಿರುವವನ ಮನಸ್ಸನ್ನು ಮೊದಲೇ ಓದಿರಬೇಕು.

ಹಾಗಂತ ಎಲ್ಲ ಸರಳೀಕರಣವನ್ನೂ ನಾನು ಒಪ್ಪುವುದಿಲ್ಲ. 2008ರ 'ಸೂಪರ್ ಸ್ಮ್ಯಾಶ್ ಬ್ರದರ್ಸ್ ಬ್ರಾಲ್'ನಲ್ಲಿ ಓಡಲು ಹೊರಟ ಪಾತ್ರ ಕಾರಣವೇ ಇಲ್ಲದೆ ಆಗಾಗ ಎಡವಿ ಬೀಳುತ್ತಿತ್ತು. ಅಲ್ಲಿ ಅಭ್ಯಾಸಕ್ಕೆ ಬೆಲೆ ಇಲ್ಲ, ಅದೃಷ್ಟದ್ದೇ ದರ್ಬಾರು. ಆಟಗಾರರು ಬೈದರು, 2014ರ ಆವೃತ್ತಿಯಲ್ಲಿ ಎಡವುವುದು ಹೋಯಿತು. ಮಾಡರ್ನ್ ಹಾಗಲ್ಲ. ಬಾಗಿಲನ್ನು ಅಗಲ ಮಾಡಿದೆ, ಒಳಗಿನ ಬಾವಿ ಮುಚ್ಚಿಲ್ಲ.

ನನ್ನ ಆ ಮೂರು ಸೋಲನ್ನೂ ನೆನಪಿಸಿಕೊಂಡೆ. ಪ್ರತಿ ಸಲವೂ ನಾನು ಹಾರಿದ್ದೆ, ನಾನು ಹಾರುತ್ತೇನೆಂದು ಹುಡುಗನಿಗೆ ಗೊತ್ತಿತ್ತು. ಮುಂದಿನ ರಜೆಗೆ ಮೊದಲು ಅವನ ಹತ್ತಿರ ಸಾರಿ ಕೇಳಬೇಕು. ಆಮೇಲೆ ಒಂದು ಪಂದ್ಯ, ಈ ಸಲ ಹಾರುವುದಿಲ್ಲ.