ಹಳೆ ಅಡುಗೆಮನೆ, ಹೊಸ ಕಪಾಟು: ಬಣ್ಣಕ್ಕಿಂತ ಅಳತೆ ಮುಖ್ಯ

ಹತ್ತು ವರ್ಷ ಬಳಸಿದ ಮಾಡ್ಯುಲರ್ ಅಡುಗೆಮನೆಗೆ ಎರಡು ಕಪಾಟು ಸೇರಿಸಬೇಕೆಂದರೆ ಬಹುತೇಕರು ಅದೇ ಬಣ್ಣದ ಲ್ಯಾಮಿನೇಟ್‌ಗಾಗಿ ಅಂಗಡಿ ಅಂಗಡಿ ಅಲೆಯುತ್ತಾರೆ. ಈ ಅಲೆದಾಟ ವ್ಯರ್ಥ. ತಯಾರಕರು ಹಳೆಯ ಶೇಡುಗಳನ್ನು ನಿಲ್ಲಿಸುತ್ತಲೇ ಇರುತ್ತಾರೆ. ಅದೇ ಸಂಖ್ಯೆಯ ಹಾಳೆ ಸಿಕ್ಕರೂ ಮನೆಯಲ್ಲಿರುವುದು ಆ ಬಣ್ಣದಲ್ಲಿ ಉಳಿದಿರುವುದಿಲ್ಲ. ಒಲೆಯ ಪಕ್ಕದ ಬಾಗಿಲಿನ ಹಿಡಿ ಬಿಚ್ಚಿ ನೋಡಿ: ಅದರಡಿಯ ಪಟ್ಟಿ ಮೂಲ ಬಣ್ಣದಲ್ಲಿದ್ದು, ಸುತ್ತಲಿನ ಮೇಲ್ಮೈ ಒಗ್ಗರಣೆಯ ಎಣ್ಣೆಹೊಗೆಗೂ ಬಿಸಿಲಿಗೂ ಮಾಸಿರುತ್ತದೆ. ಕಣ್ಣಿಗೆ ಚುಚ್ಚುವುದು ದೊಡ್ಡ ವ್ಯತ್ಯಾಸವಲ್ಲ, ಹೊಂದಿಸಲು ಹೋಗಿ ಕೂದಲೆಳೆಯಲ್ಲಿ ತಪ್ಪಿದ್ದು. ಹಾಗಾಗಿ ಹೊಸದನ್ನು ಧೈರ್ಯವಾಗಿ ಬೇರೆ ಬಣ್ಣದಲ್ಲೇ ಮಾಡಿಸಿ. ಬಾಗಿಲಿನ ಎತ್ತರ, ನಡುವಿನ ಸಂದು, ಬುಡದ ಪಟ್ಟಿ, ಹಿಡಿಗಳು ಮಾತ್ರ ಹಳೆಯದರ ಗೆರೆಗೇ ಬರಲಿ.

ತೇಪೆ ಹಾಕಿದಂತೆ ಕಾಣುವುದಿಲ್ಲವೇ, ಎಲ್ಲವನ್ನೂ ಕಿತ್ತು ಹೊಸದು ಮಾಡಿಸುವುದೇ ಮೇಲಲ್ಲವೇ ಎಂಬ ಪ್ರಶ್ನೆ ಸಹಜ. ಸಿಂಕ್ ಕೆಳಗಿನ ಹಲಗೆ ಉಬ್ಬಿ ಪದರ ಬಿಟ್ಟಿದ್ದರೆ ಆ ಪೆಟ್ಟಿಗೆಯನ್ನು ಕೀಳಲೇಬೇಕು. ಆದರೆ ಐಎಸ್ 710 ಗುರುತಿನ ನೀರುನಿರೋಧಕ ಪ್ಲೈವುಡ್‌ನ ಪೆಟ್ಟಿಗೆ ಗಟ್ಟಿಯಾಗಿರುವಾಗ ಅದನ್ನು ಕಸಕ್ಕೆ ಹಾಕುವುದು ಹಣದ ದುಂದು, ಮರದ ದುಂದು. ಒಂದೇ ಬಣ್ಣ ಬೇಕೇಬೇಕು ಎನ್ನುವವರು ಬಾಗಿಲುಗಳನ್ನಷ್ಟೇ ಬದಲಿಸಬಹುದು: ಕಪ್ ಹಿಂಜ್‌ಗೆ ಕೊರೆಯುವ ರಂಧ್ರ ಸಾಮಾನ್ಯವಾಗಿ 35 ಮಿ.ಮೀ. ಇರುವುದರಿಂದ, ಹಳೆಯ ಬಾಗಿಲಿನ ಅಳತೆ ತೆಗೆದು ಕೊರೆದರೆ ಹೊಸದು ಅದೇ ಜಾಗದಲ್ಲಿ ಕೂರುತ್ತದೆ. ಗುತ್ತಿಗೆದಾರರು ಈ ಕೆಲಸವನ್ನು ತಾವಾಗಿ ಸೂಚಿಸುವುದು ಕಡಿಮೆ, ಕೇಳಬೇಕಾದವರು ಮನೆಯವರೇ.